ಒಂದೇ ಗಣಕ, ಎರಡು ವ್ಯವಸ್ಥೆ: ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಅಳವಡಿಕೆ

ಹೇರೋಹಳ್ಳಿ (ಬೆಂಗಳೂರು): ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಹಳೆಯ ಗಣಕಗಳಲ್ಲಿ ಹಲವಕ್ಕೆ ಅದಿಲ್ಲ. ಮಾಗಡಿ ರಸ್ತೆಯ ಹೇರೋಹಳ್ಳಿಯಂತಹ ಬಡಾವಣೆಗಳಲ್ಲಿ ಅಂಗಡಿಯ ಲೆಕ್ಕ, ಮಕ್ಕಳ ಪಾಠ, ಬ್ಯಾಂಕ್ ವ್ಯವಹಾರ ಎಲ್ಲಕ್ಕೂ ಒಂದೇ ಗಣಕವನ್ನು ನೆಚ್ಚಿದವರಿಗೆ ಇದು ಸಣ್ಣ ಸಂಗತಿಯಲ್ಲ. ಯಂತ್ರವನ್ನು ಗುಜರಿಗೆ ಹಾಕದೆ ಮುಂದುವರಿಯುವ ಒಂದು ಮಾರ್ಗವೇ ಡ್ಯುಯಲ್ ಬೂಟ್.

ಏನಿದು?

ಒಂದೇ ಹಾರ್ಡ್ ಡಿಸ್ಕನ್ನು ವಿಭಾಗಿಸಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ನೆಲೆಗೊಳಿಸುವುದೇ ಡ್ಯುಯಲ್ ಬೂಟ್. ಗಣಕ ಚಾಲೂ ಆದಾಗ ಗ್ರಬ್ ಎಂಬ ತಂತ್ರಾಂಶ ಎರಡರ ಹೆಸರನ್ನೂ ತೋರಿಸುತ್ತದೆ. ಬಳಕೆದಾರರು ಆರಿಸಿದ್ದು ತೆರೆದುಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ವ್ಯವಸ್ಥೆ ಕೆಲಸ ಮಾಡುತ್ತದೆ. ಅಂತರಜಾಲಕ್ಕೆ ಲಿನಕ್ಸ್, ಹಳೆಯ ಲೆಕ್ಕಪತ್ರ ತಂತ್ರಾಂಶಕ್ಕೆ ಜಾಲಸಂಪರ್ಕವಿಲ್ಲದ ವಿಂಡೋಸ್ ಎಂದು ಕೆಲಸ ಹಂಚಿದರೆ ಅಪಾಯ ತಗ್ಗುತ್ತದೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಉಚಿತವಾಗಿ ದೊರೆಯುತ್ತದೆ. 2004ರಲ್ಲಿ ಬಂದ ಉಬುಂಟು ಅದರ ಜನಪ್ರಿಯ ಆವೃತ್ತಿಗಳಲ್ಲೊಂದು. ಕೇರಳದ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣ ಮುಕ್ತ ತಂತ್ರಾಂಶದಲ್ಲೇ ನಡೆಯುವುದರಿಂದ ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಅಪರಿಚಿತವಲ್ಲ.

ಅಳವಡಿಕೆಗೆ ಮುನ್ನ

ಮೊದಲನೆಯದಾಗಿ, ಎಲ್ಲ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿರಿಸಬೇಕು. ವಿಭಜನೆಯ ನಡುವೆ ವಿದ್ಯುತ್ ಕಡಿತವಾದರೆ ವರ್ಷಗಳ ಲೆಕ್ಕವೂ ಛಾಯಾಚಿತ್ರಗಳೂ ಒಟ್ಟಿಗೆ ಹೋಗಬಹುದು. ಆದ್ದರಿಂದ ಯುಪಿಎಸ್ ಇರುವುದು ಲೇಸು. ಬಿಟ್‌ಲಾಕರ್ ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ನಿಲ್ಲಿಸಬೇಕು. ಅದಿದ್ದರೆ ವಿಂಡೋಸ್ ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ, ಲಿನಕ್ಸ್‌ನಿಂದ ಆ ವಿಭಾಗದಲ್ಲಿ ಬರೆದರೆ ಕಡತ ಕೆಡಬಹುದು.

ಕ್ರಮ ಹೀಗಿದೆ

1. ವಿಂಡೋಸ್ ಮೊದಲು, ಲಿನಕ್ಸ್ ನಂತರ. ಕ್ರಮ ಹಿಂದುಮುಂದಾದರೆ ವಿಂಡೋಸ್ ತನ್ನ ಬೂಟ್ ತಂತ್ರಾಂಶವನ್ನೇ ಮುಂದಿಟ್ಟು ಗ್ರಬ್ಬನ್ನು ಮರೆಮಾಡುತ್ತದೆ.

2. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ವಿಭಾಗವನ್ನು ಕುಗ್ಗಿಸಿ ಕನಿಷ್ಠ 25 ಜಿಬಿ, ಸಾಧ್ಯವಾದರೆ 50 ಜಿಬಿ ಜಾಗವನ್ನು ಖಾಲಿ ಬಿಡಬೇಕು.

3. ಅಧಿಕೃತ ತಾಣದಿಂದಲೇ ಐಎಸ್‌ಒ ಕಡತ ಇಳಿಸಿಕೊಂಡು, ರೂಫಸ್‌ನಂತಹ ತಂತ್ರಾಂಶದಿಂದ ಖಾಲಿ ಪೆನ್‌ಡ್ರೈವ್‌ಗೆ ಬರೆಯಬೇಕು.

4. ಪೆನ್‌ಡ್ರೈವ್‌ನಿಂದ ಗಣಕ ಚಾಲೂ ಮಾಡಿ, ಅಳವಡಿಸದೆಯೇ ವೈಫೈ, ಧ್ವನಿ, ಮುದ್ರಕಗಳನ್ನು ಪರೀಕ್ಷಿಸಬಹುದು. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದರೆ ಲಿನಕ್ಸ್ ಕೂಡ ಅದೇ ವಿಧಾನದಲ್ಲಿರಬೇಕು.

5. ಅಳವಡಿಸುವಾಗ ವಿಂಡೋಸ್ ಪಕ್ಕದಲ್ಲಿ ಸ್ಥಾಪಿಸುವ ಆಯ್ಕೆಯನ್ನೇ ಒತ್ತಬೇಕು. ಡಿಸ್ಕ್ ಅಳಿಸುವ ಆಯ್ಕೆ ಒತ್ತಿದರೆ ವಿಂಡೋಸ್ ಸಮೇತ ಎಲ್ಲವೂ ಅಳಿಯುತ್ತದೆ.

ಗಡಿಯಾರ ಮತ್ತು ಕನ್ನಡ

ಅಳವಡಿಕೆಯ ಬಳಿಕ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದಿರುವುದುಂಟು. ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಜಾಗತಿಕ ಸಮಯವೆಂದೂ ಓದುವುದೇ ಇದಕ್ಕೆ ಕಾರಣ. ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಬಳಸುವಂತೆ ಹೊಂದಿಸಿದರೆ ತೊಡಕು ನಿವಾರಣೆಯಾಗುತ್ತದೆ.

ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸ ಲಭ್ಯವಿರುವುದರಿಂದ ನುಡಿ ಬಲ್ಲವರು ಬೆರಳಚ್ಚನ್ನು ಹೊಸದಾಗಿ ಕಲಿಯಬೇಕಿಲ್ಲ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿರುವ ಕಡತಗಳು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಇವನ್ನು ವಿಂಡೋಸ್‌ನಲ್ಲಿ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಉತ್ತಮ.

ಮುಂದೆ ಲಿನಕ್ಸ್ ಬೇಡವೆನಿಸಿದರೆ ಅದರ ವಿಭಾಗವನ್ನು ನೇರವಾಗಿ ಅಳಿಸಕೂಡದು. ಮೊದಲು ಬೂಟ್ ಪಟ್ಟಿಯಲ್ಲಿ ವಿಂಡೋಸನ್ನು ಮುಂದಕ್ಕೆ ತಂದು, ಅದು ತಾನಾಗಿ ತೆರೆಯುವುದನ್ನು ಖಚಿತಪಡಿಸಿಕೊಂಡ ನಂತರವೇ ಅಳಿಸಬೇಕು.