ಕೃತಿಸ್ವಾಮ್ಯದ ದೂರು: ಅಂತರ್ಜಾಲದಲ್ಲಿ ಒಂದು ನ್ಯಾಯಕ್ರಮ ರೂಪುಗೊಂಡ ಬಗೆ

ಪರರ ಕೃತಿಯನ್ನು ಕದ್ದು ಅಚ್ಚುಹಾಕಿದವನ ಮೇಲೆ ವ್ಯಾಜ್ಯ ಹೂಡುವುದಕ್ಕೆ ಬೇಕಾದ ವಿಧಿಗಳನ್ನು ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮವು ವಿಶದವಾಗಿಯೇ ಒದಗಿಸಿದ್ದಿತಾದರೂ, ತಾನು ಏನನ್ನೂ ಕದಿಯದೆ, ಅಸಂಖ್ಯ ಜನರು ತಂದಿರಿಸುವ ಹಾಡು, ಚಿತ್ರ, ಬರಹಗಳಿಗೆ ಎಡೆಗೊಡುವ ಅಂತರ್ಜಾಲ ವೇದಿಕೆಯು ಯಾವಾಗ ಹೊಣೆ ಹೊರಬೇಕೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಅಮೆರಿಕವು 1998ರಲ್ಲಿ ಡಿಜಿಟಲ್ ಮಿಲೇನಿಯಂ ಕಾಪಿರೈಟ್ ಆಕ್ಟ್ ಎಂಬ ಶಾಸನದಿಂದ ಇದಕ್ಕೊಂದು ಕ್ರಮವನ್ನು ನಿರ್ಮಿಸಿತು: ದೂರು ತಲುಪಿದೊಡನೆ ವಸ್ತುವನ್ನು ತೆಗೆದ ವೇದಿಕೆಗೆ ಅಭಯ, ಏರಿಸಿದವನು ಪ್ರತಿಸೂಚನೆಯಿತ್ತರೆ, ದೂರುದಾರನು ಮೊಕದ್ದಮೆ ಹೂಡದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ಅದರ ಪುನಃಸ್ಥಾಪನೆ.

ದೂರುದಾರನ ವಿವೇಚನೆಗೆ ಆ ಶಾಸನ ವಿಧಿಸಿದ ಕಟ್ಟು ಎಷ್ಟೆಂಬುದು ಸ್ಪಷ್ಟವಾಗಲು ವರ್ಷಗಳೇ ಹಿಡಿದುವು. ತನ್ನ ಪುಟ್ಟ ಮಗು ಪ್ರಿನ್ಸ್ ಎಂಬ ಗಾಯಕನ ಹಾಡಿಗೆ ಕುಣಿದ 29 ಸೆಕೆಂಡುಗಳ ದೃಶ್ಯವನ್ನು 2007ರಲ್ಲಿ ತಾಯಿಯೊಬ್ಬಳು ಯೂಟ್ಯೂಬಿಗೆ ಏರಿಸಿದಾಗ, ಹಕ್ಕುದಾರ ಸಂಸ್ಥೆ ದೂರಿತ್ತು ತೆಗೆಸಿತು. ನ್ಯಾಯೋಚಿತ ಬಳಕೆ ಹೌದೋ ಅಲ್ಲವೋ ಎಂದು ದೂರಿಗೆ ಮುನ್ನವೇ ಯೋಚಿಸತಕ್ಕದ್ದೆಂದು ಮೇಲ್ಮನವಿ ನ್ಯಾಯಾಲಯವು ಸಾರಿದುದು 2015ರಲ್ಲಿ. ಅಷ್ಟರಲ್ಲಿ ಯೂಟ್ಯೂಬ್ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆಗೆ ಹೊಂದಾಣಿಕೆಯ ಪತ್ತೆಯನ್ನು ಒಪ್ಪಿಸಿಯಾಗಿತ್ತು. ಯಂತ್ರವು ಸ್ವರಸಾಮ್ಯವನ್ನು ಗುರುತಿಸಬಲ್ಲುದು. ಬಳಕೆಯ ಉದ್ದೇಶವನ್ನು ಅರಿಯಲಾರದು.

ನಮ್ಮಲ್ಲಿ ಸೂಪರ್ ಕ್ಯಾಸೆಟ್ಸ್ ಸಂಸ್ಥೆಯು ಮೈಸ್ಪೇಸ್ ಎಂಬ ವೇದಿಕೆಯ ವಿರುದ್ಧ ಹೂಡಿದ ದಾವೆಯಲ್ಲಿ ದೆಹಲಿ ಉಚ್ಚನ್ಯಾಯಾಲಯದ ಏಕಸದಸ್ಯ ಪೀಠವು 2011ರಲ್ಲಿ ವೇದಿಕೆಯ ಮೇಲೆಯೇ ಹೊಣೆ ಹೊರಿಸಿತು. ಇಂಥ ಕೃತಿ ಇಂಥ ಎಡೆಯಲ್ಲಿದೆಯೆಂಬ ನಿರ್ದಿಷ್ಟ ಅರಿವಿಲ್ಲದ ವೇದಿಕೆಯನ್ನು ದಂಡಿಸಲಾಗದೆಂದು 2016ರ ಡಿಸೆಂಬರಿನಲ್ಲಿ ವಿಭಾಗೀಯ ಪೀಠವು ಆ ನಿಲುವನ್ನು ತಿದ್ದಿತು. ಈ ತೀರ್ಪು ನನಗೆ ಸರ್ವಥಾ ಸಮ್ಮತ.

ಈ ನಡುವೆ ನಮ್ಮ ಅಧಿನಿಯಮಕ್ಕೆ 2012ರ ತಿದ್ದುಪಡಿಯೂ ಅದನ್ನನುಸರಿಸಿದ 2013ರ ನಿಯಮಾವಳಿಯೂ ಬಂದುವು. ಅದರ 75ನೆಯ ನಿಯಮವು ಸಾವಧಾನವಾಗಿ ಓದತಕ್ಕದ್ದು. ದೂರು ಲಿಖಿತವಾಗಿರಬೇಕು, ಕೃತಿಯ ವಿವರ, ತನ್ನ ಹಕ್ಕಿನ ಆಧಾರ, ಉಲ್ಲಂಘನೆಯಿರುವ ಎಡೆ, ಅದು ಅಧಿನಿಯಮದ 52ನೆಯ ಕಲಮಿನ ವಿನಾಯಿತಿಗಳಿಗೆ ಒಳಪಡದೆಂಬ ಸಮರ್ಥನೆ, ದಾವೆ ಹೂಡಿ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರುವೆನೆಂಬ ಮುಚ್ಚಳಿಕೆ, ಇವೆಲ್ಲ ಅದರಲ್ಲಿರಬೇಕು. ಮನದಟ್ಟಾದರೆ ವೇದಿಕೆಯು 36 ಗಂಟೆಗಳಲ್ಲಿ ವಸ್ತುವನ್ನು ತಡೆದು, ನೋಡಬಂದವರಿಗೆ ಕಾರಣ ಕಾಣಿಸಬೇಕು. ಆದೇಶ ಬಾರದಿದ್ದರೆ ಮರಳಿಸಬಹುದು. ಅದೇ ಎಡೆಯ ಅದೇ ಕೃತಿಗೆ ಅದೇ ದೂರುದಾರನು ಮತ್ತೆ ದೂರಿದರೆ ಕಿವಿಗೊಡಬೇಕಾಗಿಲ್ಲ. ದೂರುದಾರನನ್ನು ನ್ಯಾಯಾಲಯದ ಬಾಗಿಲಿಗೆ ಕಳುಹಿಸುವ ಈ ಏರ್ಪಾಡು ಅಮೆರಿಕದ್ದಕ್ಕಿಂತ ಒಂದಂಶದಲ್ಲಿ ಉತ್ತಮವೆಂದೇ ನನ್ನ ಅಭಿಪ್ರಾಯ.

ಆದರೆ ನ್ಯಾಯಾಲಯದಲ್ಲಿಯೂ ಪರಿಹಾರದ ಪ್ರಮಾಣ ತಪ್ಪುವುದುಂಟು. ಕೆ.ಜಿ.ಎಫ್. 2 ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಿದರೆಂಬ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆಯ ದೂರಿನ ಮೇಲೆ 2022ರ ನವೆಂಬರಿನಲ್ಲಿ ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯಲು ಆಜ್ಞಾಪಿಸಿತು. ಆಕ್ಷೇಪಿತ ಭಾಗಗಳನ್ನು ತೆಗೆಯುವ ಷರತ್ತಿನ ಮೇಲೆ ಕರ್ನಾಟಕ ಉಚ್ಚನ್ಯಾಯಾಲಯವು ಮರುದಿನವೇ ಆ ಆಜ್ಞೆಯನ್ನು ರದ್ದುಗೊಳಿಸಿತು.

ಪಕ್ಷವೊಂದಕ್ಕೆ ಒಂದೇ ದಿನದಲ್ಲಿ ವಕೀಲರು ದೊರೆವರು. ತನ್ನ ಆಟದ ಧ್ವನಿಮುದ್ರಣವನ್ನೇ ಕಳೆದುಕೊಳ್ಳುವ ಸಣ್ಣ ಯಕ್ಷಗಾನ ಮೇಳಕ್ಕೆ ದೊರೆಯರು. ನಿರಾಧಾರ ಬೆದರಿಕೆಯ ವಿರುದ್ಧ ದಾವೆಗೆ ಅಧಿನಿಯಮದ 60ನೆಯ ಕಲಮು ಅವಕಾಶವೀಯುತ್ತದೆ, ನಿಜ. ಆದರೆ ಏರಿಸಿದವನಿಂದ ಉತ್ತರ ಕೇಳುವ ಒಂದು ವಾಕ್ಯವೂ 75ನೆಯ ನಿಯಮದಲ್ಲಿಲ್ಲ. ಆ 36 ಗಂಟೆಗಳಲ್ಲಿಯೇ ಅವನಿಗೆ ದೂರಿನ ಪ್ರತಿ ತಲುಪಬೇಕೆಂದೂ, ಅವನ ಲಿಖಿತ ಉತ್ತರವನ್ನು ಓದಿಯೇ ವೇದಿಕೆ ನಿರ್ಧರಿಸಬೇಕೆಂದೂ ಮುಂದಿನ ತಿದ್ದುಪಡಿಯು ವಿಧಿಸುವುದು ಅತ್ಯವಶ್ಯ.