ಔಷಧಿ ಆರ್ಡರ್‌ಗಳಲ್ಲಿ ಸಿಕ್ಕ ಸುಳಿವು: ಒಂದು ಫಂಗಸ್‌ನ ಕಥೆ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತಿನ ಕಥೆ ಶುರುವಾಗೋದು ಒಂದು ಸರ್ಕಾರಿ ಕಚೇರಿಗೆ ಬರ್ತಿದ್ದ ಔಷಧಿ ಆರ್ಡರ್‌ಗಳಿಂದ. ಬಿಕಾಂ ಓದಿದ ನನಗೆ ಇದು ಇಷ್ಟ ಆಗೋಕೆ ಅದೂ ಒಂದು ಕಾರಣ.

1981, ಅಮೆರಿಕದ ಅಟ್ಲಾಂಟಾ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದ್ರೆ ಸಿಡಿಸಿಯಲ್ಲಿ ಸ್ಯಾಂಡ್ರಾ ಫೋರ್ಡ್ ಅನ್ನೋರು ಔಷಧಿ ವಿಭಾಗದ ಟೆಕ್ನಿಷಿಯನ್. ಪೆಂಟಮಿಡಿನ್ ಅನ್ನೋ ಔಷಧಿ ಆಗ ಅಮೆರಿಕದ ಮೆಡಿಕಲ್ ಶಾಪ್‌ಗಳಲ್ಲಿ ಸಿಗ್ತಿರಲಿಲ್ಲ. ಬೇಡಿಕೆ ತೀರಾ ಕಮ್ಮಿ ಇತ್ತು. ಬೇಕಾದ ಡಾಕ್ಟರ್ ಸಿಡಿಸಿಯನ್ನೇ ಕೇಳಿ ತರಿಸಿಕೊಳ್ಳಬೇಕಿತ್ತು. ರೋಗಿಯ ರೋಗನಿರೋಧಕ ಶಕ್ತಿ ಯಾಕೆ ಕುಸಿದಿದೆ ಅನ್ನೋ ಪ್ರಶ್ನೆ ಅಲ್ಲಿ ಬಂದೇ ಬರ್ತಿತ್ತು.

ಯಾಕಂದ್ರೆ ಆ ಔಷಧಿ ಬೇಕಾಗ್ತಿದ್ದದ್ದು ನ್ಯುಮೊಸಿಸ್ಟಿಸ್ ಅನ್ನೋ ಸೂಕ್ಷ್ಮಜೀವಿಯಿಂದ ಬರೋ ನ್ಯುಮೋನಿಯಾಗೆ. ಆರೋಗ್ಯವಾಗಿರೋರಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡಲ್ಲ. ದೇಹದ ಕಾವಲು ಬಿದ್ದಾಗ ಮಾತ್ರ ಶ್ವಾಸಕೋಶ ತುಂಬಿಕೊಂಡು ಉಸಿರು ಕಟ್ಟಿಸುತ್ತೆ.

1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಶಾಗಸ್ ಇದನ್ನು ನೋಡಿ, ಬೇರೊಂದು ಪರೋಪಜೀವಿಯ ಒಂದು ಹಂತ ಅಂದುಕೊಂಡರು. 1912ರಲ್ಲಿ ಪ್ಯಾರಿಸ್‌ನ ಡೆಲನೋಯ್ ದಂಪತಿ, ಇದು ಬೇರೆಯೇ ಜೀವಿ ಅಂತ ತೋರಿಸಿದರು. ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ, ಅವಧಿಗೆ ಮುಂಚೆ ಹುಟ್ಟಿದ, ಪೌಷ್ಟಿಕ ಆಹಾರವಿಲ್ಲದೆ ಸೊರಗಿದ ಕೂಸುಗಳಿಗೆ ಒಂದು ವಿಚಿತ್ರ ನ್ಯುಮೋನಿಯಾ ಬಂತು. ಅದಕ್ಕೂ ಇದೇ ಕಾರಣ ಅಂತ 1952ರಲ್ಲಿ ಚೆಕ್ ವಿಜ್ಞಾನಿಗಳು ತೋರಿಸಿದರು. ಆಮೇಲೆ ಬಲಿಯಾದವರು ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೀತಿದ್ದ ಮಕ್ಕಳು, ಅಂಗ ಕಸಿ ಮಾಡಿಸಿಕೊಂಡವರು.

ಆದ್ರೆ 1981ರಲ್ಲಿ ಫೋರ್ಡ್ ಕೈಗೆ ಬಂದ ಕೆಲವು ಆರ್ಡರ್‌ಗಳ ಲೆಕ್ಕ ಹೊಂದ್ತಿರಲಿಲ್ಲ. ರೋಗಿಗಳು ಗಂಡಸರು. ಕ್ಯಾನ್ಸರ್ ಇಲ್ಲ, ಕಸಿ ಇಲ್ಲ, ಯಾವ ಕಾರಣವೂ ಇಲ್ಲ. "ಏನೋ ಇದೆ" ಅಂತ ಸುಮ್ಮನೆ ಔಷಧಿ ಕಳಿಸಿಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಏಪ್ರಿಲ್‌ನಲ್ಲಿ ಮೇಲಧಿಕಾರಿಗೆ ಬರೆದು ತಿಳಿಸಿದರು. ಅದೇ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಡಾ. ಮೈಕಲ್ ಗಾಟ್ಲೀಬ್ ಕೂಡ ಇಂಥದ್ದೇ ರೋಗಿಗಳನ್ನು ನೋಡ್ತಿದ್ದರು. 1981ರ ಜೂನ್ 5ರ ಸಿಡಿಸಿ ವಾರದ ವರದಿಯಲ್ಲಿ ಐವರು ಸಲಿಂಗಿ ಯುವಕರ ಬಗ್ಗೆ ಬಂತು. ಅಷ್ಟರಲ್ಲಿ ಇಬ್ಬರು ತೀರಿಕೊಂಡಿದ್ದರು. ನಾವಿವತ್ತು ಏಡ್ಸ್ ಅನ್ನೋ ರೋಗದ ಮೊದಲ ಅಧಿಕೃತ ವರದಿ ಅದು.

ನ್ಯುಮೊಸಿಸ್ಟಿಸ್ ಒಂದು ಫಂಗಸ್ ಅಂತ ಗೊತ್ತಾಗಿದ್ದು 1988ರಲ್ಲಿ, ಅದರ ಆರ್‌ಎನ್‌ಎ ಹೋಲಿಸಿ ನೋಡಿದಾಗ. ಆದ್ರೆ ವಿಚಿತ್ರ ಫಂಗಸ್ ಇದು. ಹಲವು ಫಂಗಸ್ ಔಷಧಿಗಳು ಹೊಡೆಯೋದು ಎರ್ಗೊಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತುವಿನ ಮೇಲೆ. ಇದರ ಹೊರಪೊರೆಯಲ್ಲಿ ಅದೇ ಇಲ್ಲ. ಇದಕ್ಕೆ ಕೆಲಸ ಮಾಡೋದು ಕೋ-ಟ್ರೈಮಾಕ್ಸಜೋಲ್, ಬ್ಯಾಕ್ಟೀರಿಯಾಗೆ ಅಂತ ಬಂದ ಅಗ್ಗದ ಮಾತ್ರೆ.

ಇಲ್ಲಿ ಹೊಟ್ಟೆ ಉರಿಯೋ ವಿಷಯ ಒಂದಿದೆ. ಈ ಮಾತ್ರೆ ಮುಂಚೆಯೇ ಕೊಟ್ಟರೆ ಕ್ಯಾನ್ಸರ್ ಇರೋ ಮಕ್ಕಳಲ್ಲಿ ಈ ನ್ಯುಮೋನಿಯಾ ತಡೆಯಬಹುದು ಅಂತ ಡಾ. ವಾಲ್ಟರ್ ಹ್ಯೂಸ್ 1977ರಲ್ಲೇ ತೋರಿಸಿದ್ದರು. ಎಚ್‌ಐವಿ ಇರೋರಿಗೆ ತಡೆ ಚಿಕಿತ್ಸೆ ಕೊಡಿ ಅಂತ ಸಿಡಿಸಿ ಮಾರ್ಗಸೂಚಿ ಬಂದಿದ್ದು 1989ರಲ್ಲಿ. ರೋಗಿಗಳೇ ಹೋರಾಡಿ ಕೇಳಬೇಕಾಯ್ತು. ಅಷ್ಟು ವರ್ಷಗಳಲ್ಲಿ ಸಾವಿರಾರು ಜನ ಇದೇ ನ್ಯುಮೋನಿಯಾದಿಂದ ಹೋದರು. ಮಾತ್ರೆ ಇತ್ತು, ಜ್ಞಾನವೂ ಇತ್ತು. ಯಾರ ಜೀವ ಲೆಕ್ಕಕ್ಕೆ ಬರುತ್ತೆ ಅನ್ನೋದು ಬೇರೆ ಲೆಕ್ಕ, ಅಲ್ವಾ?

ಇವತ್ತು ನಮ್ಮ ದೇಶದ ಎಆರ್‌ಟಿ ಕೇಂದ್ರಗಳಲ್ಲಿ ಸಿಡಿ4 ಕಡಿಮೆ ಇರೋರಿಗೆ ಇದೇ ಮಾತ್ರೆ ಉಚಿತ. ಕಿಡ್ನಿ ಕಸಿ ಆದವರಿಗೂ ಕೊಡ್ತಾರೆ. ನಮ್ಮ ಮಾವನಿಗೆ ಕಸಿ ಆದಾಗ "ಕೆಮ್ಮೇ ಇಲ್ಲ, ಇದ್ಯಾಕಮ್ಮಾ ದಿನಾ?" ಅಂತ ಗೊಣಗ್ತಿದ್ರು. "ಕೆಮ್ಮು ಬರದೇ ಇರಲಿ ಅಂತಾನೇ ಮಾವ" ಅಂದೆ. ನಿಮ್ಮ ಮನೇಲೂ ಯಾರಿಗಾದರೂ ಡಾಕ್ಟರ್ ಇದನ್ನ ಬರೆದಿದ್ರೆ, ಅವರನ್ನ ಕೇಳದೆ ನಿಲ್ಲಿಸೋಕೆ ಬಿಡಬೇಡಿ.

ಕಂತು ಇಷ್ಟ ಆದ್ರೆ ಒಬ್ಬ ಗೆಳೆಯರಿಗಾದ್ರೂ ಕಳಿಸಿ. ಮುಂದಿನ ವಾರ ಸಿಗೋಣ.