ತೋಳ ಬಂತು, ಬ್ರೇಕ್ ನಂತರ!

ಒಂದು ಸತ್ಯ ಒಪ್ಪಿಕೊಂಡುಬಿಡ್ತೀನಿ. ಕೆಟ್ಟ ಹಾರರ್ ಸಿನಿಮಾ ಅಂದ್ರೆ ನನಗೆ ಈಗಲೂ ಪ್ರಾಣ.

ಮೊದಲ ಸಲ ಹೆದರಿದ್ದು ಶಿರಹಟ್ಟಿ ಜಾತ್ರೆಯ ಟೆಂಟ್‌ನಲ್ಲಿ. ಸಿನಿಮಾ, ರಾಜಕುಮಾರ್ ಕೊಹ್ಲಿ ನಿರ್ದೇಶನದ 1979ರ 'ಜಾನಿ ದುಶ್ಮನ್'. ಸುನೀಲ್ ದತ್, ಸಂಜೀವ್ ಕುಮಾರ್, ಜಿತೇಂದ್ರ, ಶತ್ರುಘ್ನ ಸಿನ್ಹಾ... ಒಂದು ಊರಿಗಾಗುವಷ್ಟು ನಾಯಕರು! ಕೆಂಪು ಬಟ್ಟೆ ತೊಟ್ಟ ಮದುಮಗಳನ್ನು ಕಂಡರೆ ಅವರಲ್ಲೊಬ್ಬ ಮೈತುಂಬ ಕೂದಲಿನ ಮೃಗವಾಗ್ತಾನೆ. ಯಾರವನು? ಅದೇ ಕತೆ. ಕೂದಲು ಅಂಟಿಸಿದ್ದು ಅಂತ ನೆಲದ ಮೇಲೆ ಕೂತ ನಮಗೂ ಕಾಣ್ತಿತ್ತು. ಆದ್ರೂ ಕಿರುಚಿದ್ವಿ.

ಇಂಥದ್ದೇ ಚಿತ್ರ 1974ರಲ್ಲಿ ಬ್ರಿಟನ್‌ನಲ್ಲಿ ಬಂದಿತ್ತು: 'ದಿ ಬೀಸ್ಟ್ ಮಸ್ಟ್ ಡೈ'. ಶ್ರೀಮಂತ ಬೇಟೆಗಾರನೊಬ್ಬ ಅತಿಥಿಗಳನ್ನು ಬಂಗಲೆಗೆ ಕರೀತಾನೆ. ಅವರಲ್ಲೊಬ್ಬರು ಹುಣ್ಣಿಮೆಗೆ ತೋಳವಾಗುವವರು. ಕೊನೆಯ ಹೊತ್ತಿಗೆ ಕತೆಯನ್ನೇ ನಿಲ್ಲಿಸಿ, ಪರದೆ ಮೇಲೆ ಗಡಿಯಾರ ಓಡಿಸಿ, 30 ಸೆಕೆಂಡು ಕೊಡ್ತಾರೆ: ಯಾರು ಅಂತ ನೀವೇ ಹೇಳಿ! ಈ ಗಿಮಿಕ್ಕೂ ಹೊಸದಲ್ಲ. 1961ರ 'ಹೋಮಿಸೈಡಲ್'ನಲ್ಲಿ ವಿಲಿಯಂ ಕ್ಯಾಸಲ್ 45 ಸೆಕೆಂಡು ಕೊಟ್ಟಿದ್ದ, ಅಂಜಿದವರು ದುಡ್ಡು ವಾಪಸ್ ತಗೊಂಡು ಎದ್ದು ಹೋಗಲಿ ಅಂತ. ಇನ್ನು ಆ ಬ್ರಿಟಿಷ್ ತೋಳ? ಕೂದಲು ಹೊದಿಸಿದ ನಾಯಿ! ಎರಡು ಸಲ ನೋಡಿ ಎರಡೂ ಸಲ ನಕ್ಕಿದೀನಿ. ಆ 30 ಸೆಕೆಂಡು ಮಾತ್ರ ಸೋಫಾದ ಅಂಚಿಗೆ ಬಂದು ಕೂತಿದೀನಿ.

ನಗು ನಿಂತದ್ದು 2024ರಲ್ಲಿ. ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳ ದಾಳಿಗೆ ಮಕ್ಕಳು ಸತ್ತರು. ಆ ತಾಯಂದಿರ ದುಃಖ ನಿಜ. ಆದರೆ ಸ್ಟುಡಿಯೋದಲ್ಲಿ ನಾನು ಮಾಡಿದ್ದೇನು? ಕೆಂಪು ಅಕ್ಷರ, ಓಡೋ ಗಡಿಯಾರ, "ಮುಂದಿನ ಬಲಿ ಯಾರು? ಬ್ರೇಕ್ ನಂತರ!"

ಮರುದಿನ ಮುಂಡರಗಿ ಕಡೆಯ ಕುರಿ ಕಾಯೋ ಹಿರಿಯರೊಬ್ಬರು ಫೋನ್ ಮಾಡಿದ್ರು. "ತಮ್ಮಾ, ತ್ವಾಳ ನಮ್ಮ ಕುರಿ ಒಯ್ದೈತಿ, ಖರೆ. ಆದ್ರ ಮನಷ್ಯಾನ್ನ ಕಂಡ್ರ ಇಲ್ಲಿದು ಓಡಿ ಹೋಗತೈತಿ. ನೀ ಹಿಂಗ ಒದರಿದ್ರ ನಮ್ಮ ಹುಡುಗ್ರು ಬಡಿಗಿ ತಗೊಂಡು ಗುಡ್ಡಾ ಹತ್ತತಾರ ನೋಡಪಾ."

ಆ ಗುಡ್ಡ ನಮ್ಮ ಕಪ್ಪತಗುಡ್ಡ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಹರಡಿದ್ದು, 2019ರಲ್ಲಿ ವನ್ಯಜೀವಿಧಾಮವಾದದ್ದು. ಅಲ್ಲಿ ನಿಜವಾದ ತೋಳಗಳಿವೆ. 1972ರ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆಯೂ ಅವಕ್ಕಿದೆ. ಬಡಿಗೆ ಹಿಡಿದವನಿಗೆ ಕಾಯ್ದೆ ನೆನಪಾಗುತ್ತಾ? ಅವನಿಗೆ ನೆನಪಿರೋದು ನನ್ನ ಕೂಗು.

ಟೆಂಟ್‌ನಲ್ಲಿ ದೀಪ ಹತ್ತಿದರೆ ಹೆದರಿಕೆ ಮುಗೀತಿತ್ತು. ಟಿವಿ ಆರಿಸಿದ ಮೇಲೂ ಹೆದರಿಕೆ ಮನೆಯಲ್ಲೇ ಉಳಿಯುತ್ತೆ. ಸಿನಿಮಾದ ಸುಳ್ಳು ತೋಳ ನನಗೆ ಇನ್ನೂ ಇಷ್ಟ. 'ತೋಳ ಬಂತು ತೋಳ' ಅಂತ ಕೂಗುವ ಹುಡುಗನ ಕೆಲಸ ಮಾತ್ರ ನನಗೆ ಬೇಡ ಸ್ವಾಮಿ.